ರೆಸ್ಲರ್ ಕಂಪನಿ ಬದಲಿಸಿದರೆ ಗೆಲ್ಲುತ್ತಾರಾ? ಫಾರ್ವರ್ಡ್ ಮಾಡುವ ಮೊದಲು ಇಷ್ಟು ತಿಳಿದಿರಲಿ

“ಬ್ರೇಕಿಂಗ್! ಡಬ್ಲ್ಯುಡಬ್ಲ್ಯುಇಗೆ ಗುಡ್‌ಬೈ, ನಾಳೆಯೇ ಎದುರಾಳಿ ಕಂಪನಿಗೆ ಎಂಟ್ರಿ!” ಎಂಬ ಸಾಲು, ಅದರ ಕೆಳಗೆ ಹೆಸರಾಂತ ರೆಸ್ಲರ್ ಒಬ್ಬರ ಫೋಟೊ. ಇಂಥ ಪೋಸ್ಟರ್‌ಗಳು ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂನಲ್ಲಿ ಮೇಲಿಂದ ಮೇಲೆ ಓಡಾಡುತ್ತಿರುತ್ತವೆ. ಕೆಲವು ನಿಜವಾಗುತ್ತವೆ, ಹಲವು ಆಗುವುದಿಲ್ಲ. ಸುದ್ದಿ ನಿಜವೇ ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಹೊಸ ಕಂಪನಿಗೆ ಹೋದವರೆಲ್ಲ ಅಲ್ಲಿ ಮಿಂಚುತ್ತಾರಾ?

ಚುಟುಕಾದ ಉತ್ತರ: ಇಲ್ಲ. ತೋಳಿನ ಬಲವಾಗಲಿ, ಹಿಂದೆ ಗೆದ್ದ ಬೆಲ್ಟ್‌ಗಳ ಲೆಕ್ಕವಾಗಲಿ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಹಳೆಯ ಕಂಪನಿ ಬಿಡುವಾಗ ರೆಸ್ಲರ್ ತನ್ನ ಜೊತೆ ಏನನ್ನು ಒಯ್ಯಬಹುದು ಮತ್ತು ಹೊಸ ಕಂಪನಿಯಲ್ಲಿ ಅವರಿಗೆ ಯಾವ ಪಾತ್ರ ಕಾದಿದೆ ಎನ್ನುವುದೇ ಮುಖ್ಯ. ಇದನ್ನು ತಿಳಿದುಕೊಂಡರೆ ಯಾವ ಫಾರ್ವರ್ಡ್ ನಂಬಬಹುದು, ಯಾವುದು ಬರೀ ಗಾಳಿಸುದ್ದಿ ಎಂದು ಊಹಿಸುವುದೂ ಸುಲಭವಾಗುತ್ತದೆ.

ಮೊದಲು, ಇದು ಎಂಥ ಆಟ?

ಪ್ರೊಫೆಷನಲ್ ರೆಸ್ಲಿಂಗ್ ನಮ್ಮ ಗರಡಿಮನೆಯ ಕುಸ್ತಿಯಲ್ಲ. ಮೈಸೂರು ದಸರೆಯ ನಾಡಕುಸ್ತಿಯಲ್ಲಿ ಯಾರು ಗೆಲ್ಲುತ್ತಾರೆ ಎನ್ನುವುದು ಅಖಾಡದಲ್ಲೇ ತೀರ್ಮಾನವಾಗುತ್ತದೆ. ಟಿವಿಯಲ್ಲಿ ಕಾಣುವ ರೆಸ್ಲಿಂಗ್‌ನಲ್ಲಿ ಅದು ಮೊದಲೇ ನಿರ್ಧಾರವಾಗಿರುತ್ತದೆ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಆಗಿನ ಡಬ್ಲ್ಯುಡಬ್ಲ್ಯುಎಫ್ ಕಂಪನಿಯೇ ‘ಇದು ಸ್ಪರ್ಧೆಯಲ್ಲ, ಮನರಂಜನೆ’ ಎಂದು ಹೇಳಿತ್ತು. ಕ್ರೀಡಾ ಆಯೋಗದ ನಿಯಮ, ಶುಲ್ಕಗಳಿಂದ ಪಾರಾಗುವುದು ಅದರ ಉದ್ದೇಶವಾಗಿತ್ತು.

ಹಾಗೆಂದು ಎಲ್ಲವೂ ಸುಳ್ಳಲ್ಲ. ಬೀಳುವುದು, ಪೆಟ್ಟಾಗುವುದು, ಮೂಳೆ ಮುರಿಯುವುದು ನಿಜ. ಫಲಿತಾಂಶ ಮತ್ತು ಪಾತ್ರ ಮಾತ್ರ ಬರೆದಿಟ್ಟದ್ದು. ಹಾಗಾಗಿ ರೆಸ್ಲರ್ ಕಂಪನಿ ಬದಲಿಸುವುದನ್ನು ಕ್ರಿಕೆಟಿಗರು ಐಪಿಎಲ್ ತಂಡ ಬದಲಿಸುವುದಕ್ಕೆ ಹೋಲಿಸಲಾಗದು. ಕ್ರಿಕೆಟಿಗ ಯಾವ ಜೆರ್ಸಿ ತೊಟ್ಟರೂ ಹೊಡೆದ ರನ್ ಅವನದೇ. ರೆಸ್ಲರ್ ಹೊಸ ಕಂಪನಿಯಲ್ಲಿ ಗೆಲ್ಲಬೇಕೆಂದರೆ ಆ ಕಂಪನಿಯೇ ಅವರನ್ನು ಗೆಲ್ಲಿಸುವ ಮನಸ್ಸು ಮಾಡಬೇಕು, ಜನರೂ ಅದನ್ನು ಒಪ್ಪಬೇಕು.

ಕಂಪನಿಗಳ ವಿಷಯಕ್ಕೆ ಬಂದರೆ, 1990ರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್‌ಗೆ (2002ರಿಂದ ಅದರ ಹೆಸರು ಡಬ್ಲ್ಯುಡಬ್ಲ್ಯುಇ) ದೊಡ್ಡ ಎದುರಾಳಿಯಾಗಿದ್ದದ್ದು ಟೆಡ್ ಟರ್ನರ್ ಒಡೆತನದ ಡಬ್ಲ್ಯುಸಿಡಬ್ಲ್ಯು. 2001ರ ಮಾರ್ಚ್‌ನಲ್ಲಿ ಅದನ್ನು ಡಬ್ಲ್ಯುಡಬ್ಲ್ಯುಎಫ್ ಕೊಂಡುಕೊಂಡಿತು. 2019ರ ಜನವರಿಯಲ್ಲಿ ಟೋನಿ ಖಾನ್ ಅವರ ಎಇಡಬ್ಲ್ಯು, ಅಂದರೆ ಆಲ್ ಎಲೀಟ್ ರೆಸ್ಲಿಂಗ್, ಶುರುವಾಯಿತು. 2002ರಲ್ಲಿ ಆರಂಭವಾದ ಟಿಎನ್ಎ, ಜಪಾನಿನಲ್ಲಿ 1972ರಿಂದ ನಡೆಯುತ್ತಿರುವ ನ್ಯೂ ಜಪಾನ್ ಪ್ರೊ ರೆಸ್ಲಿಂಗ್ ಕೂಡ ಇವೆ. ಇವತ್ತಿನ ಹೆಚ್ಚಿನ ‘ಜಂಪ್’ ಸುದ್ದಿಗಳು ಈ ಕಂಪನಿಗಳ ಸುತ್ತಲೇ ಇರುತ್ತವೆ.

ಹೆಸರು ಯಾರದು?

ನಮ್ಮಲ್ಲಿ ತುಂಬಾ ಓಡಾಡಿದ ಒಂದು ಮಾತಿದೆ: “1996ರ ‘ಖಿಲಾಡಿಯೋಂ ಕಾ ಖಿಲಾಡಿ’ ಸಿನಿಮಾದಲ್ಲಿ ಅಕ್ಷಯ್ ಕುಮಾರ್ ನಿಜವಾದ ಅಂಡರ್‌ಟೇಕರ್‌ನನ್ನು ಹೊಡೆದರು.” ಇದು ತಪ್ಪು. ಆ ಸಿನಿಮಾದಲ್ಲಿ ಇದ್ದವರು ಬ್ರಯಾನ್ ಲೀ ಎಂಬ ಬೇರೆ ರೆಸ್ಲರ್. 2021ರಲ್ಲಿ ಅಕ್ಷಯ್ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಟಿವಿಯಲ್ಲಿ ನಾವು ನೋಡುತ್ತಿದ್ದ ಅಂಡರ್‌ಟೇಕರ್‌ನ ನಿಜ ಹೆಸರು ಮಾರ್ಕ್ ಕ್ಯಾಲವೇ. ಕುತೂಹಲದ ಸಂಗತಿ ಎಂದರೆ, 1994ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಕೂಡ ಇದೇ ಬ್ರಯಾನ್ ಲೀಗೆ ವೇಷ ಹಾಕಿಸಿ ‘ನಕಲಿ ಅಂಡರ್‌ಟೇಕರ್’ ಆಗಿ ಅಖಾಡಕ್ಕೆ ಇಳಿಸಿತ್ತು.

ಇದರಿಂದ ತಿಳಿಯಬೇಕಾದದ್ದು ಇಷ್ಟು: ಮನುಷ್ಯ ಬೇರೆ, ಪಾತ್ರ ಬೇರೆ. ಯಕ್ಷಗಾನದಲ್ಲಿ ಕಲಾವಿದರು ಮೇಳ ಬದಲಿಸಿದರೆ ಕರ್ಣನ ವೇಷವನ್ನು ಹೊಸ ಮೇಳದಲ್ಲೂ ಕಟ್ಟಬಹುದು. ಕರ್ಣ ಯಾವ ಮೇಳದ ಸ್ವತ್ತೂ ಅಲ್ಲ. ರೆಸ್ಲಿಂಗ್‌ನಲ್ಲಿ ಹಾಗಲ್ಲ. ಕಂಪನಿ ಕೊಟ್ಟ ಹೆಸರು, ವೇಷ, ಹಾಡು ಬಹುತೇಕ ಕಂಪನಿಯ ಆಸ್ತಿ. ಕಂಪನಿ ಬಿಟ್ಟರೆ ಅದನ್ನೆಲ್ಲ ಅಲ್ಲೇ ಬಿಟ್ಟು ಹೋಗಬೇಕು.

ಕೆಲವು ಉದಾಹರಣೆ ನೋಡಿ.

• ಕೋಡಿ ರೋಡ್ಸ್ 2016ರಲ್ಲಿ ಡಬ್ಲ್ಯುಡಬ್ಲ್ಯುಇ ಬಿಟ್ಟರು. ತಂದೆ ಡಸ್ಟಿ ರೋಡ್ಸ್ ಬೆಳೆಸಿದ ‘ರೋಡ್ಸ್’ ಹೆಸರನ್ನೇ ಬಳಸಲಾಗದೆ ನಾಲ್ಕು ವರ್ಷ ಬರೀ ‘ಕೋಡಿ’ ಎಂದು ಆಡಿದರು. 2020ರ ನವೆಂಬರ್‌ನಲ್ಲಷ್ಟೇ ಪೂರ್ತಿ ಹೆಸರು ಅವರ ಕೈಗೆ ಬಂತು.

• ಡೇನಿಯಲ್ ಬ್ರಯಾನ್ ಅವರ ನಿಜ ಹೆಸರು ಬ್ರಯಾನ್ ಡೇನಿಯಲ್ಸನ್. ಡಬ್ಲ್ಯುಡಬ್ಲ್ಯುಇ ಆ ಹೆಸರನ್ನು ತಿರುಗಿಸಿ ತನ್ನದೊಂದು ಹೆಸರು ಮಾಡಿಕೊಂಡಿತ್ತು. 2021ರಲ್ಲಿ ಎಇಡಬ್ಲ್ಯುಗೆ ಹೋದಾಗ ಅವರು ಅಪ್ಪ ಅಮ್ಮ ಇಟ್ಟ ಹೆಸರಿನಲ್ಲೇ ಹೋದರು. ಆ ಹೆಸರಿಗೆ ಡಬ್ಲ್ಯುಡಬ್ಲ್ಯುಇಗಿಂತ ಮೊದಲೇ ಅಭಿಮಾನಿಗಳಿದ್ದರು.

• ‘ಸಾಶಾ ಬ್ಯಾಂಕ್ಸ್’ 2023ರಲ್ಲಿ ಜಪಾನಿಗೆ ಹೋದಾಗ ‘ಮರ್ಸಿಡೀಸ್ ಮೊನೆ’ ಆದರು. 2024ರ ಮಾರ್ಚ್‌ನಲ್ಲಿ ಎಇಡಬ್ಲ್ಯುಗೆ ಬಂದದ್ದೂ ಅದೇ ಹೆಸರಿನಲ್ಲಿ. ಮರ್ಸಿಡೀಸ್ ಅವರ ನಿಜ ಹೆಸರು.

ಹಾಗಾದರೆ ಹೆಸರು ಇಟ್ಟುಕೊಂಡ ಕಂಪನಿಗೇ ಲಾಭವಾ? ಅದೂ ಇಲ್ಲ. 1996ರಲ್ಲಿ ‘ರೇಜರ್ ರಮೋನ್’ ಪಾತ್ರದ ಸ್ಕಾಟ್ ಹಾಲ್, ‘ಡೀಸೆಲ್’ ಪಾತ್ರದ ಕೆವಿನ್ ನ್ಯಾಶ್ ಇಬ್ಬರೂ ಡಬ್ಲ್ಯುಸಿಡಬ್ಲ್ಯುಗೆ ಹೊರಟುಹೋದರು. ಪಾತ್ರಗಳು ನಮ್ಮವೇ ತಾನೆ ಎಂದು ಡಬ್ಲ್ಯುಡಬ್ಲ್ಯುಎಫ್ ಬೇರೆ ಇಬ್ಬರಿಗೆ ಅದೇ ವೇಷ ತೊಡಿಸಿತು. ಧಾರಾವಾಹಿಯಲ್ಲಿ ದಿಢೀರನೆ ನಾಯಕ ನಟ ಬದಲಾದಾಗ ಆಗುವಂತೆಯೇ ಇಲ್ಲೂ ಆಯಿತು. ಜನ ಒಪ್ಪಲಿಲ್ಲ. ಆ ನಕಲಿ ಡೀಸೆಲ್ ಆಗಿದ್ದ ಗ್ಲೆನ್ ಜೇಕಬ್ಸ್ ಮರುವರ್ಷ ತನ್ನದೇ ಹೊಸ ಪಾತ್ರದಲ್ಲಿ ಬಂದು ಹೆಸರು ಮಾಡಿದರು. ಆ ಪಾತ್ರವೇ ಕೇನ್.

ಕಾಂಟ್ರ್ಯಾಕ್ಟ್ ಮತ್ತು 90 ದಿನದ ಲೆಕ್ಕ

1995ರ ಸೆಪ್ಟೆಂಬರ್ 4ರಂದು ಡಬ್ಲ್ಯುಸಿಡಬ್ಲ್ಯುನ ‘ನೈಟ್ರೊ’ ಕಾರ್ಯಕ್ರಮದ ಮೊದಲ ಸಂಚಿಕೆಗೆ ಲೆಕ್ಸ್ ಲೂಗರ್ ನಡೆದು ಬಂದಾಗ ನೋಡುಗರು ದಂಗಾದರು. ಹಿಂದಿನ ದಿನವಷ್ಟೇ ಅವರು ಡಬ್ಲ್ಯುಡಬ್ಲ್ಯುಎಫ್ ಪರ ಆಡಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಡೂಸಾ ಎಂಬ ರೆಸ್ಲರ್ ಡಬ್ಲ್ಯುಡಬ್ಲ್ಯುಎಫ್‌ನ ಮಹಿಳಾ ಬೆಲ್ಟನ್ನು ತಂದು ನೈಟ್ರೊ ವೇದಿಕೆಯಲ್ಲಿ ಕಸದ ಬುಟ್ಟಿಗೆ ಹಾಕಿದರು. ಇಂಥ ಘಟನೆಗಳಿಂದ ಕಂಪನಿಗಳು ಎಚ್ಚೆತ್ತುಕೊಂಡವು. ಇವತ್ತು ಲೂಗರ್‌ನಂತೆ ರಾತ್ರೋರಾತ್ರಿ ಹಾರುವುದು ಸುಲಭವಲ್ಲ. ‘ನಾಳೆಯೇ ಎಂಟ್ರಿ’ ಎನ್ನುವ ಫಾರ್ವರ್ಡ್‌ಗಳನ್ನು ಅನುಮಾನಿಸಬೇಕಾದದ್ದು ಇದಕ್ಕೇ.

ರೆಸ್ಲರ್ ಹೊರಬರಲು ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, ಕಾಂಟ್ರ್ಯಾಕ್ಟ್ ಅವಧಿ ಮುಗಿಯುವುದು. ಆಗ ಅವರು ಬೇಗನೆ ಬೇರೆಡೆ ಕಾಣಿಸಿಕೊಳ್ಳಬಹುದು. ಡೀನ್ ಆ್ಯಂಬ್ರೋಸ್ ಹೆಸರಿನಲ್ಲಿದ್ದ ಜಾನ್ ಮಾಕ್ಸ್‌ಲಿಯ ಡಬ್ಲ್ಯುಡಬ್ಲ್ಯುಇ ಒಪ್ಪಂದ 2019ರ ಏಪ್ರಿಲ್ 30ಕ್ಕೆ ಮುಗಿಯಿತು. ಮೇ 25ಕ್ಕೆ ಅವರು ಎಇಡಬ್ಲ್ಯು ಅಖಾಡದಲ್ಲಿದ್ದರು.

ಎರಡು, ಕಂಪನಿಯೇ ಮಧ್ಯದಲ್ಲಿ ಕೈಬಿಡುವುದು. ಡಬ್ಲ್ಯುಡಬ್ಲ್ಯುಇಯಲ್ಲಿ ಮುಖ್ಯ ತಂಡದವರಿಗೆ ಸಾಮಾನ್ಯವಾಗಿ 90 ದಿನ, ಹೊಸಬರ ವಿಭಾಗವಾದ ಎನ್ಎಕ್ಸ್‌ಟಿಯವರಿಗೆ 30 ದಿನ ಬೇರೆ ಕಡೆ ಆಡುವಂತಿಲ್ಲ ಎಂಬ ಷರತ್ತಿರುತ್ತದೆ. ಆ ದಿನಗಳ ಹಣ ಅವರಿಗೆ ಬರುತ್ತದೆ. 2021ರ ಜೂನ್ 2ರಂದು ಕೈಬಿಟ್ಟ ಆಲಿಸ್ಟರ್ ಬ್ಲ್ಯಾಕ್ ಕೇವಲ 35 ದಿನದಲ್ಲಿ ಎಇಡಬ್ಲ್ಯುಗೆ ಬಂದು ಎಲ್ಲರಿಗೂ ಅಚ್ಚರಿ ಮೂಡಿಸಿದರು. ಅವರು ಮುಖ್ಯ ತಂಡಕ್ಕೆ ಬಂದ ಮೇಲೂ ಹಳೆಯ 30 ದಿನದ ಷರತ್ತನ್ನು ಕಾಗದದಲ್ಲಿ ಬದಲಿಸದೆ ಬಿಟ್ಟಿದ್ದೇ ಕಾರಣ.

ಹೋಗಿ ಗೆದ್ದವರು

ಸ್ಟೀವ್ ಆಸ್ಟಿನ್: 1995ರಲ್ಲಿ ತೋಳಿಗೆ ಪೆಟ್ಟಾಗಿ ಮನೆಯಲ್ಲಿದ್ದಾಗ ಡಬ್ಲ್ಯುಸಿಡಬ್ಲ್ಯು ಅವರನ್ನು ತೆಗೆದುಹಾಕಿತು. ಡಬ್ಲ್ಯುಡಬ್ಲ್ಯುಎಫ್ ಮೊದಲು ಕೊಟ್ಟ ‘ರಿಂಗ್‌ಮಾಸ್ಟರ್’ ಪಾತ್ರವೂ ಸಪ್ಪೆಯಾಗಿತ್ತು. ಅದನ್ನು ಬಿಟ್ಟು ‘ಸ್ಟೋನ್ ಕೋಲ್ಡ್’ ಆದ ಮೇಲೆ, 1996ರ ಜೂನ್‌ನ ‘ಕಿಂಗ್ ಆಫ್ ದಿ ರಿಂಗ್’ ಗೆಲುವಿನಿಂದ ಅವರ ಕಾಲ ಶುರುವಾಯಿತು. ಮನುಷ್ಯ ಅದೇ, ಕಂಪನಿಯೂ ಅದೇ, ಬದಲಾದದ್ದು ಪಾತ್ರ.

ಕ್ರಿಸ್ ಜೆರಿಕೊ: ಡಬ್ಲ್ಯುಸಿಡಬ್ಲ್ಯುನಲ್ಲಿ ಮೇಲಕ್ಕೆ ಬರಲು ದಾರಿಯೇ ಇರಲಿಲ್ಲ. 1999ರ ಆಗಸ್ಟ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್‌ಗೆ ಬಂದರು. 2001ರ ಡಿಸೆಂಬರ್‌ನಲ್ಲಿ ಒಂದೇ ರಾತ್ರಿ ರಾಕ್ ಮತ್ತು ಆಸ್ಟಿನ್ ಇಬ್ಬರನ್ನೂ ಸೋಲಿಸಿದ ಕಥೆ ಅವರಿಗೆ ಸಿಕ್ಕಿತು. 2019ರಲ್ಲಿ ಎಇಡಬ್ಲ್ಯುಗೆ ಹೋಗಿ ಅಲ್ಲಿನ ಮೊದಲ ವಿಶ್ವ ಚಾಂಪಿಯನ್ ಆದರು. ಎರಡು ಸಲ ಹೋಗಿ ಎರಡು ಸಲವೂ ಗೆದ್ದರು. ಇಡೀ ದಾರಿಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ.

ಎಜೆ ಸ್ಟೈಲ್ಸ್: ಟಿಎನ್ಎ, ನ್ಯೂ ಜಪಾನ್ ಎರಡರಲ್ಲೂ ಹೆಸರು ಮಾಡಿ, 2016ರ ಜನವರಿಯಲ್ಲಿ 38ನೇ ವಯಸ್ಸಿಗೆ ಡಬ್ಲ್ಯುಡಬ್ಲ್ಯುಇಗೆ ಬಂದರು. ಅದೇ ಹೆಸರು, ಅದೇ ಶೈಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚಾಂಪಿಯನ್.

ಕೋಡಿ ರೋಡ್ಸ್: ಡಬ್ಲ್ಯುಡಬ್ಲ್ಯುಇಯಲ್ಲಿ ಕೊನೆಗೆ ಮುಖಕ್ಕೆ ಬಣ್ಣ ಬಳಿದ ‘ಸ್ಟಾರ್‌ಡಸ್ಟ್’ ಪಾತ್ರದಲ್ಲಿ ಸಿಕ್ಕಿಕೊಂಡಿದ್ದರು. ಹೊರಗೆ ಹೋಗಿ ಎಇಡಬ್ಲ್ಯು ಕಟ್ಟುವುದರಲ್ಲಿ ಕೈಜೋಡಿಸಿದರು. 2022ರ ಏಪ್ರಿಲ್‌ನಲ್ಲಿ ಮರಳಿ ಬಂದಾಗ ಹೆಸರು, ಹಾಡು, ಉಡುಪು ಎಲ್ಲವೂ ಅವರದೇ ಆಗಿತ್ತು. 2024ರ ‘ರೆಸಲ್‌ಮೇನಿಯಾ 40’ರಲ್ಲಿ ರೋಮನ್ ರೀನ್ಸ್ ಅವರಿಂದ ಪ್ರಮುಖ ಬೆಲ್ಟ್ ಗೆದ್ದರು.

ಹೋಗಿ ಮಂಕಾದವರು

ಬ್ರೆಟ್ ಹಾರ್ಟ್: ಡಬ್ಲ್ಯುಸಿಡಬ್ಲ್ಯುಗೆ ಹೊರಟಿದ್ದ ಅವರು ಮಡೂಸಾ ಹಾಗೆ ಬೆಲ್ಟ್ ಹಿಡಿದುಕೊಂಡೇ ಹೋದರೆ ಎಂಬ ಭಯ ಕಂಪನಿಗಿತ್ತು. 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಅವರಿಗೇ ತಿಳಿಸದೆ ಫಲಿತಾಂಶ ಬದಲಿಸಿದರು. ಆಗ ರೆಸ್ಲಿಂಗ್ ಲೋಕವೆಲ್ಲ ಅವರ ಬಗ್ಗೆಯೇ ಮಾತಾಡುತ್ತಿತ್ತು. ಆದರೆ ಡಬ್ಲ್ಯುಸಿಡಬ್ಲ್ಯುನಲ್ಲಿ ಈಗಾಗಲೇ ಹೋಗನ್, ನ್ಯಾಶ್, ಹಾಲ್ ತುಂಬಿಕೊಂಡಿದ್ದರು. ಇಷ್ಟು ಬಿಸಿ ಇದ್ದ ಹೆಸರನ್ನು ಎಲ್ಲಿ ಕೂರಿಸುವುದೆಂದು ಅವರಿಗೆ ತಿಳಿಯಲಿಲ್ಲ. 1999ರ ಡಿಸೆಂಬರ್‌ನಲ್ಲಿ ಗೋಲ್ಡ್‌ಬರ್ಗ್ ಜೊತೆಗಿನ ಪಂದ್ಯದಲ್ಲಿ ತಲೆಗೆ ಬಿದ್ದ ಒದೆತದಿಂದ ಮಿದುಳಿಗೆ ಪೆಟ್ಟಾಗಿ, ಮರುವರ್ಷ ನಿವೃತ್ತರಾದರು.

ಅಲ್ಟಿಮೇಟ್ ವಾರಿಯರ್: ಹೆಸರು ಮಾತ್ರ ಸಾಲದು ಎನ್ನುವುದಕ್ಕೆ ಇವರು ಸಾಕ್ಷಿ. 1993ರಲ್ಲಿ ಕಾನೂನು ಪ್ರಕಾರವೇ ತಮ್ಮ ಹೆಸರನ್ನು ‘ವಾರಿಯರ್’ ಎಂದು ಬದಲಿಸಿಕೊಂಡಿದ್ದರು. 1998ರಲ್ಲಿ ಡಬ್ಲ್ಯುಸಿಡಬ್ಲ್ಯುಗೆ ಬಂದರು. ಆಡಿದ್ದು ಮೂರೇ ಪಂದ್ಯ. ಹೋಗನ್ ಜೊತೆಗಿನ ದೊಡ್ಡ ಪಂದ್ಯ ನೋಡಿದವರಿಗೆ ಬೇಸರ ತಂದಿತು. ಎಂಟು ವರ್ಷದ ಹಿಂದಿನ ಪಾತ್ರವನ್ನೇ ತಂದರು, ಅದಕ್ಕೆ ಹೊಸ ಕಥೆ ಇರಲಿಲ್ಲ.

ಹಲ್ಕ್ ಹೋಗನ್ ಅವರನ್ನು ಇದಕ್ಕೆ ಹೋಲಿಸಿ. 1994ರಲ್ಲಿ ಡಬ್ಲ್ಯುಸಿಡಬ್ಲ್ಯುಗೆ ಬಂದಾಗ ಹಳೆಯ ‘ಒಳ್ಳೆಯವನ’ ಪಾತ್ರವೇ ಇತ್ತು, ಕ್ರಮೇಣ ಜನರಿಗೆ ಸಾಕಾಯಿತು. 1996ರ ಜುಲೈನಲ್ಲಿ ಅವರು ಖಳನಾದರು. ‘ನೈಟ್ರೊ’ ಸತತ 83 ವಾರ ಟಿವಿ ರೇಟಿಂಗ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ‘ರಾ’ವನ್ನು ಹಿಂದಿಕ್ಕಿದ್ದು ಇದೇ ಅವಧಿಯಲ್ಲಿ.

ಸಿಎಂ ಪಂಕ್ ಅವರದು ಎರಡರ ನಡುವಿನ ಕಥೆ. 2021ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಎಇಡಬ್ಲ್ಯುಗೆ ಬಂದಾಗ ಜನ ಕಣ್ಣೀರಿಟ್ಟು ಕುಣಿದರು. ಆದರೆ ತೆರೆಯ ಹಿಂದಿನ ಜಗಳಗಳಿಂದ 2023ರ ಸೆಪ್ಟೆಂಬರ್ 2ರಂದು ಅವರನ್ನು ಕಂಪನಿ ತೆಗೆದುಹಾಕಿತು. ಅದೇ ನವೆಂಬರ್ 25ಕ್ಕೆ ಡಬ್ಲ್ಯುಡಬ್ಲ್ಯುಇಗೆ ಮರಳಿದರು. ಹೆಸರು, ಮಾತು, ಅಭಿಮಾನಿಗಳು ಎಲ್ಲ ಇದ್ದರೂ ಜೊತೆಗಾರರೊಂದಿಗೆ ಹೊಂದಿಕೆಯಾಗದಿದ್ದರೆ ಉಳಿಯುವುದು ಕಷ್ಟ.

ಹಾಗಾದರೆ ಯಾರು ಹೋದರೆ ಗೆಲ್ಲಬಹುದು?

ಮೇಲಿನ ಕಥೆಗಳಿಂದ ನಾಲ್ಕು ಪ್ರಶ್ನೆಗಳು ಸಿಗುತ್ತವೆ.

1. ಹೆಸರು ಅವರದೇನಾ, ಕಂಪನಿಯದಾ?
2. ಈ ಕಂಪನಿಗೆ ಬರುವ ಮೊದಲು ಬೇರೆಡೆ ಹೆಸರು ಮಾಡಿದ್ದರಾ?
3. ಹೊಸ ಕಂಪನಿಯಲ್ಲಿ ಅವರಿಗೆ ಜಾಗ, ಹೊಸ ಕಥೆ ಇದೆಯಾ?
4. ದೇಹ ಇನ್ನೂ ಸಹಕರಿಸುತ್ತಾ?

ಇದನ್ನು ಒಂದೇ ತಂಡದ ಮೂವರಿಗೆ ಹಚ್ಚಿ ನೋಡೋಣ. 2012ರ ನವೆಂಬರ್‌ನಲ್ಲಿ ‘ದಿ ಶೀಲ್ಡ್’ ಎಂಬ ತಂಡವಾಗಿ ಡೀನ್ ಆ್ಯಂಬ್ರೋಸ್, ಸೆತ್ ರಾಲಿನ್ಸ್, ರೋಮನ್ ರೀನ್ಸ್ ಒಟ್ಟಿಗೆ ಬಂದರು. ಆ್ಯಂಬ್ರೋಸ್ ಮೊದಲೇ ಸಣ್ಣ ಕಂಪನಿಗಳಲ್ಲಿ ‘ಜಾನ್ ಮಾಕ್ಸ್‌ಲಿ’ ಆಗಿ ಆಡಿದ್ದರು. ಹಾಗಾಗಿ ಎಇಡಬ್ಲ್ಯುಗೆ ಹೋದಾಗ ತೊಡಲು ಹಳೆಯ ಅಂಗಿ ಸಿದ್ಧವಿತ್ತು. ಒಂಬತ್ತು ತಿಂಗಳಲ್ಲಿ, 2020ರ ಫೆಬ್ರವರಿಯಲ್ಲಿ, ಅಲ್ಲಿನ ವಿಶ್ವ ಚಾಂಪಿಯನ್ ಆದರು.

ರಾಲಿನ್ಸ್ ಕೂಡ ಮೊದಲು ‘ಟೈಲರ್ ಬ್ಲ್ಯಾಕ್’ ಎಂಬ ಹೆಸರಿನಲ್ಲಿ ರಿಂಗ್ ಆಫ್ ಆನರ್ ಕಂಪನಿಯ ಚಾಂಪಿಯನ್ ಆಗಿದ್ದವರು. 2022ರಲ್ಲಿ ಆ ಕಂಪನಿಯನ್ನು ಕೊಂಡವರು ಇದೇ ಟೋನಿ ಖಾನ್. ಅಂದರೆ ಅವರು ಎಂದಾದರೂ ಹೋದರೆ ಅಲ್ಲಿ ಹಳೆಯ ಕಥೆಯೊಂದು ಕಾದಿರುತ್ತದೆ.

ರೀನ್ಸ್ ವಿಷಯ ಬೇರೆ. ಮೂವರಲ್ಲಿ ಅತಿ ದೊಡ್ಡ ತಾರೆ ಅವರೇ. ಆದರೆ ಅವರು ರೆಸ್ಲರ್ ಆಗಿ ಬೆಳೆದದ್ದೆಲ್ಲ ಡಬ್ಲ್ಯುಡಬ್ಲ್ಯುಇಯಲ್ಲಿ, ಹೆಸರೂ ಅಲ್ಲೇ ಹುಟ್ಟಿದ್ದು. ಹೊರಗೆ ಹೋದರೆ ನಿಜ ಹೆಸರಾದ ಜೋ ಅನೊವಾಯಿಯಿಂದ ಆರಂಭಿಸಬೇಕು. ಹೆಚ್ಚು ದೊಡ್ಡ ತಾರೆಗೆ ಹೆಚ್ಚು ಸುಲಭ ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಭಾರತದವರ ಕಥೆ

ದಿ ಗ್ರೇಟ್ ಖಲಿ, ಅಂದರೆ ಹಿಮಾಚಲದ ದಲೀಪ್ ಸಿಂಗ್ ರಾಣಾ, ನೇರವಾಗಿ ಡಬ್ಲ್ಯುಡಬ್ಲ್ಯುಇಗೆ ಹೋದರು ಎಂದು ಹಲವರು ಅಂದುಕೊಂಡಿದ್ದಾರೆ. ಅವರು ಅದಕ್ಕೂ ಮೊದಲು ನ್ಯೂ ಜಪಾನ್‌ನಲ್ಲಿ ‘ಜೈಂಟ್ ಸಿಂಗ್’ ಆಗಿ ಆಡಿದ್ದರು. 2006ರಲ್ಲಿ ಡಬ್ಲ್ಯುಡಬ್ಲ್ಯುಇಗೆ ಬಂದು, 2007ರ ಜುಲೈನಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದರು. ‘ಭಾರತದ ಜಿಂದರ್ ಮಹಲ್’ ಎಂಬುದೂ ಪೂರ್ತಿ ಸರಿಯಲ್ಲ. ಅವರು ಪಂಜಾಬಿ ಮೂಲದ ಕೆನಡಾದವರು. 2014ರಲ್ಲಿ ಕೈಬಿಟ್ಟ ಕಂಪನಿಗೇ 2016ರಲ್ಲಿ ಮರಳಿ, 2017ರ ಮೇ ತಿಂಗಳಲ್ಲಿ ಚಾಂಪಿಯನ್ ಆದರು. 2024ರಲ್ಲಿ ಮತ್ತೆ ಹೊರಬಿದ್ದರು.

ಗಾಳಿಸುದ್ದಿ ಹುಟ್ಟುವುದೆಲ್ಲಿ?

ಲೈಕ್‌ಗಾಗಿ ಕಟ್ಟಿದ ಸುಳ್ಳು ಒಂದು ಕಡೆ. ಕೆಲವೊಮ್ಮೆ ಸುದ್ದಿ ಹುಟ್ಟಿಸುವವರು ರೆಸ್ಲರ್‌ಗಳೇ. 2019ರಲ್ಲಿ ರ್‍ಯಾಂಡಿ ಆರ್ಟನ್ ಎಇಡಬ್ಲ್ಯುಗೆ ಹೋಗುವ ಸುಳಿವಿನಂತೆ ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುತ್ತಾ ಬಂದರು. ಅದೇ ನವೆಂಬರ್‌ನಲ್ಲಿ ಡಬ್ಲ್ಯುಡಬ್ಲ್ಯುಇ ಜೊತೆಗೇ ಐದು ವರ್ಷದ ಹೊಸ ಒಪ್ಪಂದ ಮಾಡಿಕೊಂಡರು. ಎಇಡಬ್ಲ್ಯುನ ಎಂಜೆಎಫ್ ‘2024ರಲ್ಲಿ ನನ್ನ ಒಪ್ಪಂದ ಮುಗಿಯುತ್ತೆ, ಹೆಚ್ಚು ಹಣ ಕೊಟ್ಟವರ ಕಡೆ ಹೋಗುತ್ತೇನೆ’ ಎಂಬುದನ್ನೇ ವರ್ಷಗಟ್ಟಲೆ ತನ್ನ ಪಾತ್ರದ ಮಾತಾಗಿಸಿಕೊಂಡರು. 2024ರ ಮೇನಲ್ಲಿ ಎಇಡಬ್ಲ್ಯುನಲ್ಲೇ ಉಳಿದಿರುವುದಾಗಿ ಸಾರಿದರು. ಅಂದರೆ ‘ಹೋಗುತ್ತಾರಂತೆ’ ಎಂಬ ಮಾತೇ ಕೆಲವೊಮ್ಮೆ ಚೌಕಾಸಿ, ಕೆಲವೊಮ್ಮೆ ಸ್ಕ್ರಿಪ್ಟ್.

ಇದು ಬರೀ ಮಜಾ ಅಲ್ಲ

ಡಬ್ಲ್ಯುಡಬ್ಲ್ಯುಇ ತನ್ನ ರೆಸ್ಲರ್‌ಗಳನ್ನು ನೌಕರರೆಂದು ಕರೆಯುವುದಿಲ್ಲ, ‘ಸ್ವತಂತ್ರ ಗುತ್ತಿಗೆದಾರರು’ ಎನ್ನುತ್ತದೆ. 2020ರ ಏಪ್ರಿಲ್ 15ರಂದು, ಕೊರೊನಾ ಲಾಕ್‌ಡೌನ್ ನಡುವೆ, ಅದು ಒಂದೇ ದಿನ ಹಲವರನ್ನು ಕೈಬಿಟ್ಟಿತು. ಅವರಲ್ಲಿ ‘ಜ್ಯಾಕ್ ರೈಡರ್’ ಒಬ್ಬರು. ಆ ಹೆಸರನ್ನು ಬಿಟ್ಟು ಅವರು ತಮ್ಮ ನಿಜ ಹೆಸರಾದ ಮ್ಯಾಟ್ ಕಾರ್ಡೋನಾ ಆಗಿ ಸಣ್ಣ ಸಣ್ಣ ಕಂಪನಿಗಳಲ್ಲಿ ಆಡಿದರು. 2021ರ ಜುಲೈನಲ್ಲಿ ಜಿಸಿಡಬ್ಲ್ಯು, ಮರುವರ್ಷ ಎನ್‌ಡಬ್ಲ್ಯುಎ ಕಂಪನಿಯ ಬೆಲ್ಟ್ ಗೆದ್ದರು. ದೊಡ್ಡ ಕಂಪನಿಯಲ್ಲಿ ಸಿಗದಿದ್ದ ಜಾಗವನ್ನು ಹೊರಗೆ ತಾವೇ ಮಾಡಿಕೊಂಡರು. ಕಂಪನಿ ಬದಲಿಸುವುದು ನಮಗೆ ಗಾಸಿಪ್, ಅವರಿಗೆ ಹೊಟ್ಟೆಪಾಡು.

ಫಾರ್ವರ್ಡ್ ಮಾಡುವ ಮುನ್ನ

• ‘ನಾಳೆಯೇ ಎಂಟ್ರಿ’ ಎಂದಿದ್ದರೆ ಅವರು ಹಳೆಯ ಕಂಪನಿ ಬಿಟ್ಟ ದಿನ ಯಾವುದು ನೋಡಿ. ಈಗಷ್ಟೇ ಕೈಬಿಟ್ಟವರಾದರೆ 90 ದಿನ ಎಣಿಸಿ.

• ಸದ್ಯ ಬೆಲ್ಟ್ ಹಿಡಿದಿರುವವರ ಬಗ್ಗೆ ಇಂಥ ಸುದ್ದಿ ಬಂದರೆ ಎರಡು ಸಲ ಅನುಮಾನಿಸಿ. ಬೆಲ್ಟ್ ಜೊತೆ ಯಾರನ್ನೂ ಕಳಿಸಲು ಕಂಪನಿಗಳು ಬಯಸುವುದಿಲ್ಲ.

• ಪೋಸ್ಟರ್‌ನಲ್ಲಿ ಹಳೆಯ ಕಂಪನಿ ಕೊಟ್ಟ ಹೆಸರು, ಹೊಸ ಕಂಪನಿಯ ಲೋಗೊ ಒಟ್ಟಿಗಿದ್ದರೆ ಅದು ಅಭಿಮಾನಿಗಳು ಎಡಿಟ್ ಮಾಡಿದ ಚಿತ್ರವಾಗಿರುವ ಸಾಧ್ಯತೆಯೇ ಹೆಚ್ಚು.

• ಹೊಸ ಕಂಪನಿಯ ಅಧಿಕೃತ ಖಾತೆ ಹೇಳಿದೆಯಾ ಎಂದು ನೋಡಿ. ಹೇಳಿಲ್ಲವೆಂದರೆ ಅದು ಇನ್ನೂ ವದಂತಿಯೇ.

ನಾಲ್ಕರಲ್ಲಿ ಒಂದಕ್ಕೂ ಉತ್ತರ ಸಿಗದಿದ್ದರೆ ಆ ಪೋಸ್ಟರ್ ನಿಮ್ಮ ಫೋನಿನಲ್ಲೇ ಇರಲಿ. ನಿಜವಾಗಿದ್ದರೆ ಹೇಗೂ ಟಿವಿಯಲ್ಲಿ ಬಂದೇ ಬರುತ್ತದೆ.